ಪಾರ್ಸಿಕ್ ಸುರಂಗದ ಏಳು ಉಸಿರು

ಹೋದ ತಿಂಗಳು ಬಿಪಿ ತೋರಿಸಲು ಹೋಗಿದ್ದೆ. ಡಾಕ್ಟರು ತೋಳಿನ ಪಟ್ಟಿ ಬಿಚ್ಚುತ್ತಾ, "ದಿನಾ ಏನು ಮಾಡ್ತೀರಿ? ವಾಕಿಂಗಾ, ಯೋಗನಾ?" ಅಂತ ಕೇಳಿದರು. ತೀರಾ ಸಾದಾ ಪ್ರಶ್ನೆ. ಆದರೂ ನನಗೆ ಥಟ್ಟನೆ ಉತ್ತರ ಬರಲಿಲ್ಲ. ಬಾಯಿಯವರೆಗೆ ಬಂದದ್ದು ಒಂದೇ ಮಾತು: "ಸುರಂಗದಲ್ಲಿ ಏಳು ಸಲ ಉಸಿರಾಡ್ತಿದ್ದೆ, ಈಗ ನಮ್ಮ ರೈಲು ಆ ಸುರಂಗಕ್ಕೆ ಹೋಗೋದಿಲ್ಲ." ಹಾಗೆ ಹೇಳಿದರೆ ಅವರಿಗೆ ಅರ್ಥವಾಗುವುದು ಹೇಗೆ? "ಸ್ವಲ್ಪ ನಡೀತೇನೆ" ಅಂತ ಹೇಳಿ ಎದ್ದು ಬಂದೆ. ಅವತ್ತಿನಿಂದ ಆ ಪ್ರಶ್ನೆ ತಲೆಯಲ್ಲೇ ಕೂತಿದೆ. ಇಷ್ಟು ವರ್ಷ ನನ್ನನ್ನು ನೆಟ್ಟಗೆ ಇಟ್ಟದ್ದು ಯಾವುದು? ಅದು ಕೈತಪ್ಪಿದ್ದು ಯಾವಾಗ? ಬರೆಯುತ್ತಾ ಹೋದರೆ ಗೊತ್ತಾಗಬಹುದು ಅಂತ ಕೂತಿದ್ದೇನೆ.

ಏಳೂ ಮುಕ್ಕಾಲರ ಫಾಸ್ಟ್

ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದಾಗ ನನಗೆ ಇಪ್ಪತ್ತನಾಲ್ಕು. ಮೂರು ವರ್ಷದ ನಂತರ, 2000ದಲ್ಲಿ, ಫೋರ್ಟಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿಂದ ಇಪ್ಪತ್ತು ವರ್ಷ ನನ್ನ ಬೆಳಗು ಒಂದೇ ಥರ. ಐದೂ ಮುಕ್ಕಾಲಿಗೆ ಸೊಸೈಟಿಯವರು ನೀರು ಬಿಡುತ್ತಾರೆ. ನಲ್ಲಿ ಮೊದಲು ಗಾಳಿ ಉಗುಳಿ, ಆಮೇಲೆ ನೀರು ಕೊಡುತ್ತದೆ. ಆ ಗಾಳಿಯ ಶಬ್ದಕ್ಕೇ ನನಗೆ ಎಚ್ಚರ. ನೀರು ತುಂಬಿ, ಸ್ನಾನ ಮಾಡಿ, ಮೂರು ಡಬ್ಬಿ ಕಟ್ಟಿ, ಸ್ಟೇಷನ್ನಿನ ಬ್ರಿಜ್ ಹತ್ತಿ ಇಳಿದರೆ ಏಳೂ ಮುಕ್ಕಾಲರ ಫಾಸ್ಟ್ ಲೋಕಲ್ ರೈಲು. ಲೋಕಲ್ ಪ್ರಯಾಣ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ನಾನೇನು ಹೇಳುವುದು. ಆದರೆ ಲೇಡೀಸ್ ಡಬ್ಬದ ಒಳಗೆ ಒಂದು ಬೇರೆಯೇ ಸಂಸಾರ ಇರುತ್ತದೆ. ಒಬ್ಬರು ಮಡಿಲಲ್ಲಿ ಪೇಪರ್ ಹಾಸಿ ಬಟಾಣಿ ಸುಲಿಯುತ್ತಾರೆ. ಇನ್ನೊಬ್ಬರು ಗವಾರ್ ಕಾಯಿಯ ನಾರು ತೆಗೆಯುತ್ತಾರೆ. ಕಿಟಕಿ ಪಕ್ಕ ಕೂತವರು ಸಣ್ಣ ತಾಳ ತೆಗೆದು ಅಭಂಗ ಶುರು ಮಾಡುತ್ತಾರೆ. ದಸರೆ ಬಂತೆಂದರೆ ಬಾಗಿಲಿಗೆ ಚೆಂಡುಹೂವಿನ ಮಾಲೆ, ಡಬ್ಬಕ್ಕೇ ಪೂಜೆ, ಎಲ್ಲರ ಕೈಗೂ ಪೇಡೆ. ನಾನೂ ಒಮ್ಮೊಮ್ಮೆ ಒಂದು ದಾಸರ ಪದ ಹೇಳುತ್ತಿದ್ದೆ. ಅವರ ವಿಠೋಬನೂ ನಮ್ಮ ವಿಠಲನೂ ಒಬ್ಬನೇ ತಾನೆ. ವಾರಕರಿಗಳು, ಅಂದರೆ ಪಂಢರಪುರಕ್ಕೆ ನಡೆದು ಹೋಗುವ ಭಕ್ತರು, ಅವನನ್ನು "ಕಾನಡಾ", ಕನ್ನಡದವನು, ಅಂತ ಕರೆಯುತ್ತಾರೆ ಅಂತ ಆ ಡಬ್ಬದಲ್ಲೇ ನನಗೆ ಗೊತ್ತಾದದ್ದು. ಕೇಳಿದ ದಿನ ಆದ ಖುಷಿ ಇನ್ನೂ ನೆನಪಿದೆ.

ದಿವಾ ಸ್ಟೇಷನ್ ದಾಟಿ ಸ್ವಲ್ಪ ಹೊತ್ತಿಗೆ ಪಾರ್ಸಿಕ್ ಗುಡ್ಡ. ಆಗ ಫಾಸ್ಟ್ ಲೋಕಲ್‌ಗಳು ಗುಡ್ಡದೊಳಗಿನ ಸುರಂಗದಲ್ಲೇ ಹೋಗುತ್ತಿದ್ದವು. 1916ರಲ್ಲಿ ತೆರೆದ ಸುರಂಗ ಅದು. ಉದ್ದ 1.3 ಕಿಲೋಮೀಟರ್. ಮರಾಠಿಯಲ್ಲಿ ಬೋಗದಾ. ಒಳಹೊಕ್ಕ ಕೂಡಲೇ ಗಾಳಿ ತಣ್ಣಗಾಗುತ್ತದೆ, ಸದ್ದು ಹತ್ತು ಪಟ್ಟಾಗುತ್ತದೆ. ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಅದಕ್ಕೇ ಎಲ್ಲರೂ ಮಾತು ನಿಲ್ಲಿಸುತ್ತಾರೆ. ನಿಂತವರು ನಿಂತಲ್ಲೇ ಕಣ್ಣು ಮುಚ್ಚುತ್ತಾರೆ.

ನನ್ನ ಉಸಿರಿನ ಅಭ್ಯಾಸ ಶುರುವಾದದ್ದು 2009ರ ಮಳೆಗಾಲದಲ್ಲಿ. ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಊರಿಗೆ ಹೋಗಿ ಕ್ರಿಯೆ ಮುಗಿಸಿ ಬಂದು, ಏನೂ ಆಗಿಲ್ಲ ಎನ್ನುವ ಹಾಗೆ ಕೆಲಸಕ್ಕೆ ಹೋಗುತ್ತಿದ್ದೆ. ಅವತ್ತು ದಿವಾದ ಹತ್ತಿರ ರೈಲು ನಿಂತುಬಿಟ್ಟಿತು. ಹೊರಗೆ ಮಳೆ, ಒಳಗೆ ಕಾಲಿಡಲು ಜಾಗವಿಲ್ಲ. ಒದ್ದೆ ಕೊಡೆಗಳ ವಾಸನೆ. ಇದ್ದಕ್ಕಿದ್ದಂತೆ ಎದೆ ಬಿಗಿಯಿತು. ಗಾಳಿ ಒಳಗೆ ಹೋಗುತ್ತಿದೆ, ಸಾಕಾಗುತ್ತಿಲ್ಲ. ಬೆರಳ ತುದಿಗಳು ಜುಮ್ಮೆನ್ನತೊಡಗಿದವು. ನಾನು ಇಲ್ಲೇ ಸಾಯುತ್ತೇನೆ ಅನಿಸಿತು. ಪಕ್ಕದಲ್ಲಿ ನಿಂತಿದ್ದವರು ನನ್ನ ಮಣಿಕಟ್ಟು ಹಿಡಿದುಕೊಂಡರು. ಪಾಲಿಕೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವರು ಅವರು. ಎಲ್ಲರೂ ತಾಈ ಅಂತ ಕರೆಯುತ್ತಿದ್ದರು. ಮರಾಠಿಯಲ್ಲಿ ಅದು ಅಕ್ಕ. ಕನ್ನಡದ ಕಿವಿಗೆ ಅದು ತಾಯಿ ಅಂತಲೇ ಕೇಳುತ್ತದೆ, ಅಲ್ವಾ? ಅವತ್ತಂತೂ ಹಾಗೇ ಕೇಳಿತು. ಅವರು ನನ್ನ ನಾಡಿ ಎಣಿಸಲಿಲ್ಲ, ಏನಾಯಿತು ಅಂತ ಕೇಳಲೂ ಇಲ್ಲ. "ಶ್ವಾಸ ಸೋಡ್" ಅಂದರು. ಉಸಿರು ಬಿಡು. "ತಗೋಬೇಡ, ಮೊದಲು ಬಿಡು. ಪೂರ್ತಿ ಬಿಡು." ರೈಲು ಹೊರಟು ಸುರಂಗದೊಳಗೆ ಹೋಯಿತು. ಕತ್ತಲಲ್ಲಿ ಅವರ ಹೆಬ್ಬೆರಳು ನನ್ನ ಮಣಿಕಟ್ಟನ್ನು ಒತ್ತಿದಾಗ ತಗೋ, ಸಡಿಲಿಸಿದಾಗ ಬಿಡು. ಒತ್ತುವುದು ಚಿಕ್ಕದು, ಸಡಿಲ ಬಿಡುವುದು ಉದ್ದ. ಏಳನೆಯ ಸಲ ಬಿಡುವಾಗ ಬೆಳಕು ಬಂತು. ಎದೆ ಸಡಿಲವಾಗಿತ್ತು. ಅಮ್ಮನಿಗಾಗಿ ನಾನು ಅತ್ತದ್ದು ಆಮೇಲೆ, ಕಳವಾ ದಾಟಿದ ಮೇಲೆ, ಅವರ ಭುಜಕ್ಕೆ ಒರಗಿಕೊಂಡು.

ಮರುದಿನ ಸುರಂಗ ಬಂದಾಗ ತಾಈ ನನ್ನ ಕಡೆ ನೋಡಿದರು. ನಾನು ಕಣ್ಣು ಮುಚ್ಚಿದೆ. ಏಳು ಉಸಿರು. ಅದರ ಮರುದಿನವೂ. ಹೀಗೆ ಅದು ಅಭ್ಯಾಸವಾಯಿತು. ಯಾವಾಗ ಆಯಿತು ಅಂತ ಗೊತ್ತೇ ಆಗಲಿಲ್ಲ. ಉಸಿರು ಬಿಡುವಾಗ ಎದೆಬಡಿತ ನಿಧಾನವಾಗುತ್ತದೆ, ಅದಕ್ಕೇ ಬಿಡುವುದನ್ನು ಉದ್ದ ಮಾಡಬೇಕು ಅಂತ ತಾಈ ಒಂದು ದಿನ ಹೇಳಿದ್ದರು. ನಿಮಿಷಕ್ಕೆ ಆರರ ಸುಮಾರಿಗೆ ಉಸಿರು ಇಳಿದರೆ ಮೈ ತಾನೇ ತಣ್ಣಗಾಗುತ್ತದಂತೆ. ನಮ್ಮ ಸುರಂಗ ದಾಟಲು ಹೆಚ್ಚುಕಡಿಮೆ ಒಂದು ನಿಮಿಷದ ಮೇಲೆ ಸ್ವಲ್ಪ. ಏಳು ಉಸಿರು ಸರಿಯಾಗಿ ಕೂರುತ್ತಿತ್ತು.

ಸಮಯ ಬೇಕಾದಷ್ಟು ಸಿಕ್ಕಿದಾಗ

2020ರ ಮಾರ್ಚ್ 22ರ ರಾತ್ರಿ ಲೋಕಲ್ ನಿಂತಿತು. ಮಹಾಮಳೆಗೆ ಒಂದೆರಡು ದಿನ ನಿಂತದ್ದು ನೋಡಿದ್ದೆ. ಹೀಗೆ ತಿಂಗಳುಗಟ್ಟಲೆ ನಿಂತದ್ದು ನೋಡಿರಲಿಲ್ಲ. ನನಗೆ ದಿನಕ್ಕೆ ಮೂರು ಗಂಟೆ ಉಳಿಯಿತು. ಇಪ್ಪತ್ತು ವರ್ಷದಿಂದ ಆಸೆಪಟ್ಟ ಮೂರು ಗಂಟೆ. ಚಾಪೆ ತರಿಸಿದೆ. ಮೊಬೈಲ್ ನೋಡಿ ಸೂರ್ಯ ನಮಸ್ಕಾರ ಶುರು ಮಾಡಿದೆ. ಬೆಳಿಗ್ಗೆ ಧ್ಯಾನ, ಸಂಜೆ ಟೆರೇಸಿನಲ್ಲಿ ನಡಿಗೆ, ರಾತ್ರಿ ಡೈರಿ ಅಂತ ಒಂದು ಹಾಳೆಯಲ್ಲಿ ಬರೆದು ಫ್ರಿಜ್ಜಿಗೆ ಅಂಟಿಸಿದೆ. ನಾಲ್ಕು ದಿನ ನಡೆಯಿತು. ಐದನೆಯ ದಿನ ಬೆಳಿಗ್ಗೆ ಮೀಟಿಂಗ್ ಇತ್ತು, ಸಂಜೆ ಮಾಡೋಣ ಅಂದುಕೊಂಡೆ. ಸಂಜೆ ಆಗಲಿಲ್ಲ. ಯಾವಾಗ ಬೇಕಾದರೂ ಮಾಡಬಹುದಾದದ್ದು ಯಾವಾಗಲೂ ಆಗದೆ ಹೋಯಿತು.

ಮೇ ಹೊತ್ತಿಗೆ ರಾತ್ರಿ ಎರಡರವರೆಗೆ ನಿದ್ದೆಯಿಲ್ಲ. ಬೆಳಿಗ್ಗೆ ಎದ್ದರೆ ಮೈ ಭಾರ. ಸಣ್ಣ ಮಾತಿಗೂ ಮಗಳ ಮೇಲೆ ರೇಗುತ್ತಿದ್ದೆ. ಜೂನ್ ಮೊದಲ ವಾರ ತಲೆ ಸುತ್ತು ಬಂದು ಬಿಪಿ ನೋಡಿಸಿದರೆ 150-96. ಮಾತ್ರೆ ಶುರುವಾಯಿತು. (ಮಾತ್ರೆ ಈಗಲೂ ಇದೆ. ಉಸಿರಿನಿಂದ ಎಲ್ಲ ವಾಸಿಯಾಗುತ್ತದೆ ಅಂತ ನಾನು ಹೇಳುತ್ತಿಲ್ಲ. ಯಾರೂ ಹಾಗೆ ನಂಬಿ ಮಾತ್ರೆ ಬಿಡಬೇಡಿ.) ನನಗೆ ಅರ್ಥವಾಗದೆ ಇದ್ದದ್ದು ಇದು: ನೂಕುನುಗ್ಗಲು ಇಲ್ಲ, ಓಟವಿಲ್ಲ, ಮನೆ ಊಟ, ಬೇಕಾದಷ್ಟು ಹೊತ್ತು. ಮೈ ಕೆಡುವುದು ಈಗಲೇ ಯಾಕೆ?

ಜೂನ್ 15ರಿಂದ ಆಸ್ಪತ್ರೆ, ಪಾಲಿಕೆ ಅಂತ ಅಗತ್ಯ ಸೇವೆಯವರಿಗೆ ಮಾತ್ರ ಲೋಕಲ್ ಬಿಟ್ಟರು. ತಾಈ ಅಲ್ಲಿಯವರೆಗೂ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗುತ್ತಿದ್ದರು. ಒಂದು ದಿನ ಬೆಳಿಗ್ಗೆ ಅವರ ಫೋನ್ ಬಂತು. ನಾನು ಇನ್ನೂ ಹಾಸಿಗೆಯಲ್ಲೇ ಇದ್ದೆ. ಮಾಸ್ಕಿನ ಒಳಗಿಂದ ಮಾತು ದಪ್ಪವಾಗಿ ಕೇಳುತ್ತಿತ್ತು. ಹಿಂದೆ ಹಳಿಯ ಸದ್ದು. ಇಡೀ ಡಬ್ಬದಲ್ಲಿ ಹತ್ತೇ ಜನ ಅಂದರು. ರಾತ್ರಿ ಇಬ್ಬರು ರೋಗಿಗಳು ಹೋದರು ಅಂದರು. ಆಮೇಲೆ ಸ್ವಲ್ಪ ಸುಮ್ಮನಿದ್ದು, "ಬೋಗದಾ ಆಲಾ" ಅಂದರು. ಸುರಂಗ ಬಂತು. ಲೈನ್ ಕಟ್ಟಾಯಿತು. ನಾನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಎದ್ದು ಕೂತು ಕಣ್ಣು ಮುಚ್ಚಿದೆ. ಒಂದು, ಎರಡು, ಮೂರು. ಅಲ್ಲಿ ಅವರೂ ಹಾಗೇ ಕೂತಿದ್ದಾರೆ ಅಂತ ಗೊತ್ತಿತ್ತು. ಏಳಾಗಿ ಇನ್ನೂ ಒಂದು ಆದಮೇಲೆ ಮತ್ತೆ ಅವರ ಫೋನ್. "ಝಾಲಂ?" ಅಂದರು. ಆಯ್ತಾ? ಆಯ್ತು ಅಂದೆ. ಮೂರು ತಿಂಗಳಲ್ಲಿ ನಾನು ಪೂರ್ತಿಯಾಗಿ ಮಾಡಿದ ಒಂದೇ ಕೆಲಸ ಅದು.

ಅವತ್ತು ನನಗೆ ಹೊಳೆದದ್ದು ಇಷ್ಟು. ನನ್ನ ಅಭ್ಯಾಸ ನನ್ನ ಮನಸ್ಸಿನ ಗಟ್ಟಿತನದಿಂದ ನಡೆದುಕೊಂಡು ಬಂದಿರಲಿಲ್ಲ. ಅದಕ್ಕೆ ಹೊರಗೆ ಒಂದು ಗೂಟ ಇತ್ತು. ಕರುವನ್ನು ಗೂಟಕ್ಕೆ ಕಟ್ಟಿದ ಹಾಗೆ ನನ್ನ ಉಸಿರನ್ನು ಆ ಗುಡ್ಡಕ್ಕೆ ಕಟ್ಟಿಕೊಂಡಿದ್ದೆ. ಗುಡ್ಡ ನನ್ನ ಮರ್ಜಿ ಕೇಳುವುದಿಲ್ಲ. ದಿನಾ ಅದೇ ಹೊತ್ತಿಗೆ ಹಾಜರಿರುತ್ತದೆ. ನನ್ನ ಪಕ್ಕ ಇನ್ನೊಬ್ಬರು ಕಣ್ಣು ಮುಚ್ಚಿರುತ್ತಾರೆ. ಮನೆಯಲ್ಲಿ ನಾನು ಫ್ರಿಜ್ಜಿಗೆ ಅಂಟಿಸಿದ ಹಾಳೆಗೆ ಗೂಟ ಇರಲಿಲ್ಲ. ಎಲ್ಲವೂ ನನ್ನ ಮನಸ್ಸಿನ ಮೇಲೇ ನಿಂತಿತ್ತು. ಆಗ ಸೋತಿದ್ದದ್ದೇ ಮನಸ್ಸು.

ಒಂದು ಚುಕ್ಕಿ

ಅದೇ ಮನೆಯಲ್ಲಿ, ಅದೇ ತಿಂಗಳುಗಳಲ್ಲಿ, ನನ್ನ ಅತ್ತೆ ಚೆನ್ನಾಗಿದ್ದರು. ಅವರಿಗೆ ಆಗ 76. ಕುಂದಾಪುರದ ಕಡೆಯವರು. ಮುಂಬೈಗೆ ಬಂದು ಐವತ್ತು ವರ್ಷವಾದರೂ ಮಾತು ಇನ್ನೂ ಊರಿನದ್ದೇ. ನೀರು ಬಿಟ್ಟ ಶಬ್ದಕ್ಕೆ ಅವರೂ ಏಳುತ್ತಾರೆ. ಸ್ನಾನ, ಬಾಲ್ಕನಿಯ ಗ್ರಿಲ್ಲಿನಲ್ಲಿ ಇಟ್ಟ ತುಳಸಿಗೆ ಒಂದು ತಂಬಿಗೆ ನೀರು, ಬಾಗಿಲಿಗೆ ರಂಗೋಲಿ, ದೇವರಿಗೆ ದೀಪ, ಆಮೇಲೆ ಕೊತ್ತಂಬರಿ ಜೀರಿಗೆ ಕಷಾಯ. ಕಷಾಯವನ್ನು ಅವರು ತುಳಸಿಯ ಪಕ್ಕ ನಿಂತೇ ಕುಡಿಯುತ್ತಾರೆ. ಎದುರಿನ ಬಿಲ್ಡಿಂಗಿನ ನಡುವಿಂದ ಬಿಸಿಲು ಅಲ್ಲಿಗೆ ಬೀಳುವುದು ಹತ್ತೇ ನಿಮಿಷ. ಆ ಹತ್ತು ನಿಮಿಷ ಅವರ ಮುಖದ ಮೇಲೆ ಇರುತ್ತದೆ. ಬೆಳಗಿನ ಬೆಳಕು ಕಣ್ಣಿಗೆ ಬಿದ್ದರೆ ಮೈಯೊಳಗಿನ ಗಡಿಯಾರ ಸರಿಹೋಗುತ್ತದೆ, ರಾತ್ರಿ ಹೊತ್ತಿಗೆ ಸರಿಯಾಗಿ ನಿದ್ದೆ ಬರುತ್ತದೆ ಅಂತ ನಾನು ಆಮೇಲೆ ಓದಿದೆ. ಆ ಗಡಿಯಾರದ ಕೆಲಸವನ್ನು ಬಿಡಿಸಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂದಿತ್ತು. ಅತ್ತೆಗೆ ಅದೆಲ್ಲ ಗೊತ್ತಿಲ್ಲ. ಅವರು ತುಳಸಿ ಹತ್ತಿರ ನಿಲ್ಲುತ್ತಾರೆ, ಅಷ್ಟೆ. ರಾತ್ರಿ ಎಂಟಕ್ಕೆ ಕುಚ್ಚಲಕ್ಕಿ ಗಂಜಿ. ಮಲಗುವಾಗ ಅಂಗಾಲಿಗೆ ಒಂದು ಹನಿ ತೆಂಗಿನೆಣ್ಣೆ.

ಆ ವರ್ಷ ಆಗಸ್ಟಿನಲ್ಲಿ ಅವರು ಬಚ್ಚಲಲ್ಲಿ ಜಾರಿ ಬಿದ್ದರು. ಬಲಗೈಯ ಮಣಿಕಟ್ಟು ಮುರಿಯಿತು. ಬೆರಳಿನ ಬುಡದಿಂದ ಮೊಣಕೈಯವರೆಗೆ ಪ್ಲಾಸ್ಟರ್. ರಾತ್ರಿಯೆಲ್ಲ ನೋವಿಗೆ ನರಳುತ್ತಿದ್ದರು. ನಾಳೆ ಬೆಳಿಗ್ಗೆ ಇವರು ಏಳುವುದಿಲ್ಲ ಅಂತ ನಾನು ತಿಳಿದೆ. ನಲ್ಲಿ ಗಾಳಿ ಉಗುಳಿದ ಶಬ್ದಕ್ಕೆ ಎದ್ದು ಬಂದು ನೋಡಿದರೆ ಬಾಗಿಲು ತೆರೆದಿತ್ತು. ಅತ್ತೆ ಹೊಸ್ತಿಲಲ್ಲಿ ಕೂತಿದ್ದರು. ಪ್ಲಾಸ್ಟರಿನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಎಡಗೈಯಲ್ಲಿ ರಂಗೋಲಿ ಹುಡಿ ಹಿಡಿದಿದ್ದರು. ಬಲಗೈಯ ಬೆರಳಿಗೆ ಅರವತ್ತು ವರ್ಷದಿಂದ ಗೊತ್ತಿದ್ದ ಕೆಲಸ ಎಡಗೈಗೆ ಗೊತ್ತಿರಲಿಲ್ಲ. ಎರಡು ಬೆರಳಿನ ನಡುವಿಂದ ಹುಡಿ ಒಮ್ಮೆಲೇ ಸುರಿಯುತ್ತಿತ್ತು. ಗೆರೆ ಎಳೆಯಲು ನೋಡಿದರು, ಆಗಲಿಲ್ಲ. ಅಂಗೈಯಿಂದ ಅದನ್ನು ಒರೆಸಿದರು. ಆಮೇಲೆ ಹೊಸ್ತಿಲ ನಡುವಿಗೆ ಸರಿಯಾಗಿ ಒಂದೇ ಒಂದು ಚುಕ್ಕಿ ಇಟ್ಟರು. ಅದರ ಮೇಲೆ ಒಂದು ಎಸಳು ಹೂವು. ನನ್ನನ್ನು ನೋಡಿ, "ಇವತ್ತಿಗ್ ಇಷ್ಟೇ. ನಾಳಿಗ್ ಕಾಂಬ" ಅಂದರು. "ನಾನು ಹಾಕ್ತಿದ್ದೆ ಅಲ್ವಾ ಅತ್ತೆ" ಅಂದೆ. "ನೀನ್ ಹಾಕಿರ್ ನಂದ್ ಆತ್ತಾ ಮಗಾ? ಒಂದಿನ ಬಿಟ್ರೆ ಬಿಟ್ಟೇ ಹೋತ್ತ್."

ಮರುದಿನ ನಾಲ್ಕು ಚುಕ್ಕಿ. ವಾರದ ಹೊತ್ತಿಗೆ ನಾಲ್ಕನ್ನು ಸೇರಿಸುವ ಒಂದು ಸೊಟ್ಟ ಗೆರೆ. ಪ್ಲಾಸ್ಟರ್ ಬಿಚ್ಚುವ ಹೊತ್ತಿಗೆ ಎಡಗೈಗೂ ಒಂದು ಸಣ್ಣ ತಾವರೆ ಬರುತ್ತಿತ್ತು. ನಾನು ದಿನಾ ಹೋಗಿ ನೋಡುತ್ತಿದ್ದೆ. ಮೊದಲ ದಿನದ ಆ ಒಂದು ಚುಕ್ಕಿಯನ್ನು ನಾನು ಮರೆಯಲಾರೆ. ನಾನಾಗಿದ್ದರೆ ಪೂರ್ತಿ ರಂಗೋಲಿ ಆಗದಿದ್ದರೆ ಬೇಡವೇ ಬೇಡ ಅಂತ ಮಲಗಿರುತ್ತಿದ್ದೆ. ನನ್ನ ಹಾಳೆಯಲ್ಲಿ ಹನ್ನೆರಡು ಸೂರ್ಯ ನಮಸ್ಕಾರ ಅಂತ ಬರೆದಿದ್ದೆ, ಒಂದು ಅಂತ ಬರೆದಿರಲಿಲ್ಲ. ಆರಾಮಿಲ್ಲದ ದಿನಕ್ಕೆ ಏನು ಅಂತ ನಾನು ಯೋಚಿಸಿಯೇ ಇರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಪುಣೆಯ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರು ಕೋಲಾರ ಜಿಲ್ಲೆಯ ಬೆಳ್ಳೂರಿನವರು. ಚಿಕ್ಕಂದಿನಲ್ಲಿ ಮಲೇರಿಯಾ, ಟೈಫಾಯ್ಡ್, ಕ್ಷಯ ಎಲ್ಲವನ್ನೂ ಕಂಡ ಮೈ ಅವರದ್ದು. 1937ರಲ್ಲಿ ಯೋಗ ಕಲಿಸಲು ಪುಣೆಗೆ ಬಂದರು, ಅಲ್ಲೇ ಉಳಿದರು. ಆಸನಕ್ಕೆ ಮೈ ಬಗ್ಗದವರಿಗೆ ಮರದ ಇಟ್ಟಿಗೆ, ಬೆಲ್ಟು, ಕುರ್ಚಿ, ಹಗ್ಗ ಕೊಟ್ಟು, ಅಷ್ಟರಲ್ಲೇ ಸರಿಯಾಗಿ ಮಾಡಿಸುವ ದಾರಿ ಹಾಕಿಕೊಟ್ಟವರು ಅವರು. ಕಾಯಿಲೆಯ ಮೈ ಹೊತ್ತು ಬೆಳೆದವರಿಗೇ ಇದು ಹೊಳೆಯುವುದು ಅಂತ ನನಗೆ ಅನಿಸುತ್ತದೆ. ಈಗ ನಾನು ಬೆಳಿಗ್ಗೆ ಕುರ್ಚಿ ಹಿಡಿದು ಬೆನ್ನು ಬಗ್ಗಿಸುವಾಗ ಅತ್ತೆಯ ಚುಕ್ಕಿಯೂ ಆ ಕುರ್ಚಿಯೂ ಒಟ್ಟಿಗೆ ನೆನಪಾಗುತ್ತವೆ.

ಖಾಡಿಯ ನೀರು

2021ರ ಆಗಸ್ಟ್ 15ರಿಂದ ಎರಡು ಡೋಸ್ ಆದವರಿಗೆ ಲೋಕಲ್ ಬಿಟ್ಟರು. ಮತ್ತೆ ಏಳೂ ಮುಕ್ಕಾಲರ ಫಾಸ್ಟ್, ಮತ್ತೆ ಸುರಂಗ. ತಾಈ ಅಷ್ಟರಲ್ಲಿ ರಿಟೈರ್ ಆಗಿ ಸಾತಾರಾದ ಕಡೆ ಹೋಗಿದ್ದರು. ಮೊದಲ ದಿನ ಕತ್ತಲಾದಾಗ ನನ್ನ ಎಡಗೈ ತಾನಾಗಿ ಬಲ ಮಣಿಕಟ್ಟನ್ನು ಹಿಡಿದುಕೊಂಡಿತು. ಆರು ತಿಂಗಳು ಹೀಗೆ ಸಿಕ್ಕಿತು. 2022ರ ಫೆಬ್ರವರಿಯಲ್ಲಿ ಠಾಣೆ–ದಿವಾ ನಡುವೆ ಐದನೇ ಆರನೇ ಹಳಿಗಳ ಕೆಲಸ ಮುಗಿಯಿತು. ಫಾಸ್ಟ್ ಲೋಕಲ್‌ಗಳನ್ನು ಮುಂಬ್ರಾ ಕಡೆಯ ಹೊಸ ಹಳಿಗೆ ಹಾಕಿದರು. ಸುರಂಗ ದೂರದ ಊರಿನ ರೈಲುಗಳಿಗೆ ಹೋಯಿತು. ಒಂದು ಸೋಮವಾರ ನಾನು ಕಣ್ಣು ಮುಚ್ಚಿ ಕಾದೆ. ಕತ್ತಲಾಗಲೇ ಇಲ್ಲ. ಕಣ್ಣು ಬಿಟ್ಟರೆ ಬೆಳಕು, ಗುಡ್ಡ ಪಕ್ಕಕ್ಕೆ ಸರಿದಿದೆ, ದೂರದಲ್ಲಿ ಖಾಡಿಯ, ಅಂದರೆ ಕಡಲ ಹಿನ್ನೀರಿನ, ನೀರು ಹೊಳೆಯುತ್ತಿದೆ.

ಸುಳ್ಳು ಯಾಕೆ ಹೇಳಲಿ, ಅವತ್ತು ತುಂಬಾ ಬೇಜಾರಾಯಿತು. ಒಂದು ಸುರಂಗಕ್ಕೆ ಇಷ್ಟು ಬೇಜಾರಾ ಅಂತ ನಮ್ಮವರು ಕೇಳಿದರು. ಹೌದು, ಅಷ್ಟು. ಗೂಟವನ್ನೇ ಕಿತ್ತ ಹಾಗಾಗಿತ್ತು. ಸುಮಾರು ಎರಡು ತಿಂಗಳು ಉಸಿರು ಬಿಟ್ಟೇಹೋಗಿತ್ತು. ಆಮೇಲೆ ಅತ್ತೆಯ ಮಾತು ನೆನಪಾಯಿತು. ಏಳು ಆಗದಿದ್ದರೆ ಒಂದು. ಖಾಡಿಯ ನೀರು ಮೊದಲು ಕಂಡ ಕೂಡಲೇ ಒಂದು ಉಸಿರು ಪೂರ್ತಿ ಬಿಡುವುದು, ಅಷ್ಟೇ ಅಂತ ಇಟ್ಟುಕೊಂಡೆ. ಕಣ್ಣು ತೆರೆದೇ ಇರಬೇಕು, ಇಲ್ಲದಿದ್ದರೆ ನೀರು ಕಾಣುವುದಿಲ್ಲ. ಭರತದಲ್ಲಿ ನೀರು ದಂಡೆಯವರೆಗೆ ಇರುತ್ತದೆ, ಇಳಿತದಲ್ಲಿ ಕೆಸರು ಕಾಣುತ್ತದೆ. ಹುಣ್ಣಿಮೆ ಯಾವಾಗ ಅಂತ ಕ್ಯಾಲೆಂಡರ್ ನೋಡದೆ ಗೊತ್ತಾಗತೊಡಗಿತು. ಕಡಲ ಕಡೆಯವಳಾದ ನನಗೆ ಇಪ್ಪತ್ತು ವರ್ಷ ಈ ನೀರು ಗುಡ್ಡದ ಆಚೆಗೇ ಇತ್ತು.

ಉಳಿದದ್ದು ಹೆಚ್ಚೇನಿಲ್ಲ. ಬೆಳಿಗ್ಗೆ ತುಳಸಿಯ ಬಳಿ ಈಗ ಎರಡು ಲೋಟ ಕಷಾಯ, ಒಂದು ನನ್ನದು. ಕುರ್ಚಿಯ ವ್ಯಾಯಾಮ ಹತ್ತು ನಿಮಿಷ, ಕುಕ್ಕರಿನ ಮೊದಲ ಸೀಟಿಯಿಂದ ಮೂರನೆಯದರವರೆಗೆ. ಸಿಎಸ್‌ಎಂಟಿ ಸ್ಟೇಷನ್ನಿನಿಂದ ಕಚೇರಿಗೆ ನಡಿಗೆ. ರಾತ್ರಿ ಅತ್ತೆಯ ಅಂಗಾಲಿಗೆ ನಾನು ಎಣ್ಣೆ ಹಚ್ಚುತ್ತೇನೆ, ಕೈಯಲ್ಲಿ ಉಳಿದದ್ದು ನನ್ನ ಕಾಲಿಗೆ. ಎಲ್ಲವೂ ಇನ್ನೊಂದಕ್ಕೆ ಕಟ್ಟಿದ್ದು. ಒಂಟಿಯಾಗಿ ನಿಂತದ್ದು ಯಾವುದೂ ನನ್ನಲ್ಲಿ ಉಳಿದಿಲ್ಲ. ಡಾಕ್ಟರಿಗೆ ಇದನ್ನೇ ಹೇಳಬೇಕಿತ್ತು.

ಈ ಸಲ ಮೇಯಲ್ಲಿ ಅತ್ತೆಯನ್ನು ಕರೆದುಕೊಂಡು ಊರಿಗೆ ಹೊರಟೆ. ಮತ್ಸ್ಯಗಂಧ ಎಕ್ಸ್‌ಪ್ರೆಸ್. ಠಾಣೆಯಲ್ಲಿ ಹತ್ತಿ ಸಾಮಾನು ಸೀಟಿನ ಕೆಳಗೆ ತಳ್ಳುವಷ್ಟರಲ್ಲಿ ರೈಲು ಹೊರಟಿತು. ಕಳವಾ ದಾಟಿತು. ಅತ್ತೆ ಚೀಲದಿಂದ ನೀರಿನ ಬಾಟಲಿ ತೆಗೆಯುತ್ತಿದ್ದರು. ಒಮ್ಮೆಲೇ ಕಿಟಕಿ ಕಪ್ಪಾಯಿತು. ತಣ್ಣನೆಯ ಗಾಳಿ, ಅದೇ ಸದ್ದು. ಈ ರೈಲು ಇಲ್ಲಿ ಹೋಗುತ್ತದೆ ಅಂತ ನನಗೆ ಗೊತ್ತಿತ್ತು, ಆದರೂ ಮೈ ಜುಮ್ಮೆಂದಿತು. ಅತ್ತೆಯ ಮಣಿಕಟ್ಟು ಹಿಡಿದುಕೊಂಡೆ. ಮುರಿದು ಕೂಡಿದ ಕಡೆ ಎಲುಬು ಸ್ವಲ್ಪ ಉಬ್ಬಿದೆ. ಒತ್ತಿದೆ, ಸಡಿಲಿಸಿದೆ. ಒತ್ತಿದೆ, ಸಡಿಲಿಸಿದೆ. ಅವರು ಏನೂ ಕೇಳಲಿಲ್ಲ. ಮೂರನೆಯ ಸಲಕ್ಕೆ ಅವರ ಉಸಿರು ನನ್ನ ಬೆರಳಿನ ಜೊತೆಗೆ ಬಂತು.

ಬೆಳಕಾದಾಗ ಅತ್ತೆ ಕಣ್ಣು ಬಿಟ್ಟರು. "ಎಷ್ಟ್ ಆಯ್ತ್?"

"ಎಂಟು, ಅತ್ತೆ."

ಅವರು ಬಾಟಲಿಯ ಮುಚ್ಚಳ ತೆಗೆದು ಎರಡು ಗುಟುಕು ನೀರು ಕುಡಿದರು. ಮುಚ್ಚಳ ಹಾಕಿದರು. "ಮತ್ತೊಂದ್ ಯಾವಾಗ ಬತ್ತ್?"

ರತ್ನಾಗಿರಿಗೆ ಮುಂಚೆ ಕರ್ಬುಡೆಯದ್ದು ಬರುತ್ತದೆ, ಆರೂವರೆ ಕಿಲೋಮೀಟರ್ ಉದ್ದದ್ದು ಅಂದೆ. ಅಷ್ಟು ಹೊತ್ತಿಗೆ ರಾತ್ರಿಯಾಗಿರುತ್ತದೆ, ನೀವು ಮಲಗಿರುತ್ತೀರಿ ಅಂದೆ.

"ಎಬ್ಸ್" ಅಂದರು.